ಹಳೆ ಸ್ಪೋರ್ಟ್ಸ್ ಕಾರುಗಳ ಪ್ರದರ್ಶನ: ತೀರ್ಪುಗಾರರ ಹಿಂದೆ ನಡೆದು ಕಲಿತದ್ದು

ಹಳೆ ಸ್ಪೋರ್ಟ್ಸ್ ಕಾರುಗಳ ಪ್ರದರ್ಶನಕ್ಕೆ ಹೋಗುವ ಮುಂಚೆ ನಾನು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಕ್ಲಾಸ್ ಪಟ್ಟಿಯನ್ನು, ಅಂದರೆ ಸ್ಪರ್ಧೆಯ ವಿಭಾಗಗಳ ಪಟ್ಟಿಯನ್ನು, ನಿಧಾನವಾಗಿ ಓದುತ್ತೇನೆ. ಯಾವ ಸಾಲಿನಲ್ಲಿ ಯಾವ ಕಾರು ನಿಲ್ಲುತ್ತದೆ, ಅದನ್ನು ಯಾರು ನೋಡುತ್ತಾರೆ, ಅಂಕ ಹೇಗೆ ಕೊಡುತ್ತಾರೆ ಅಂತ ಗೊತ್ತಿದ್ದರೆ ಆ ದಿನದ ಸೊಗಸೇ ಬೇರೆ. ಗೊತ್ತಿಲ್ಲದಿದ್ದರೆ ಮೈದಾನದ ತುಂಬ ಹೊಳೆಯುವ ಬಣ್ಣ ಕಾಣುತ್ತದೆ, ಅಷ್ಟೇ. ಸಂಜೆ ಬಹುಮಾನ ಹೇಳುವಾಗ ‘ಅಷ್ಟು ಚಂದದ ಕಾರಿಗೆ ಯಾಕೆ ಬರಲಿಲ್ಲ?’ ಅಂತ ಅನಿಸುತ್ತದೆ.

ನನಗೂ ಬಹಳ ಕಾಲ ಹಾಗೇ ಅನಿಸುತ್ತಿತ್ತು. ಉತ್ತರ ಸಿಕ್ಕಿದ್ದು ತೀರ್ಪುಗಾರರ ಹಿಂದೆ ಹಿಂದೆ ನಡೆಯಲು ಶುರು ಮಾಡಿದ ಮೇಲೆ. ಪ್ರತಿ ಕ್ಲಾಸೂ ಕಾರಿಗೆ ಒಂದು ಬೇರೆ ಪ್ರಶ್ನೆ ಕೇಳುತ್ತದೆ. ಒಂದು ಸಾಲಿನಲ್ಲಿ ‘ನೀನು ಎಷ್ಟು ಚಂದ?’ ಅಂತ ಕೇಳುತ್ತಾರೆ. ಪಕ್ಕದ ಸಾಲಿನಲ್ಲಿ ‘ಕಾರ್ಖಾನೆಯಿಂದ ಹೊರಟ ದಿನ ಹೇಗಿದ್ದೆಯೋ ಹಾಗೇ ಇದ್ದೀಯಾ?’ ಅನ್ನುತ್ತಾರೆ. ಇನ್ನೊಂದರಲ್ಲಿ ‘ಯಾರೂ ಮುಟ್ಟದೆ ಎಷ್ಟು ಉಳಿದಿದ್ದೀಯ?’ ಎಂಬುದೇ ಪ್ರಶ್ನೆ. ಒಂದೇ ಕಾರು ಒಂದು ಸಾಲಿನಲ್ಲಿ ಗೆದ್ದು ಇನ್ನೊಂದರಲ್ಲಿ ಕೊನೆಗೆ ಬರಬಹುದು.

ಸುಲಭದ್ದು ಜನರ ಮತದ ಪ್ರದರ್ಶನ. ಒಳಗೆ ಹೋಗುವಾಗ ಒಂದು ಮತಪತ್ರ ಕೊಡುತ್ತಾರೆ. ಪ್ರತಿ ಕ್ಲಾಸಿನಲ್ಲಿ ನಿಮಗೆ ಇಷ್ಟವಾದ ಕಾರಿನ ನಂಬರು ಬರೆದು ಪೆಟ್ಟಿಗೆಗೆ ಹಾಕಿದರೆ ಆಯಿತು. ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಕೂಟಗಳಲ್ಲಿ ಇದು ಸಾಮಾನ್ಯ. ಅಲ್ಲಿ ಕ್ಲಾಸ್‌ಗಳು ಮಾಡೆಲ್ ಪ್ರಕಾರ ಇರುತ್ತವೆ. ಎಂಜಿ ಕಂಪನಿಯ ಎಂಜಿಬಿ ಎಂಬ ಮಾಡೆಲ್ ಒಂದಕ್ಕೇ ಎರಡು ಸಾಲು ಇರುವುದುಂಟು: ಕ್ರೋಮ್ ಬಂಪರ್, ರಬ್ಬರ್ ಬಂಪರ್. 1962ರಿಂದ 1980ರವರೆಗೆ ತಯಾರಾದ ಆ ಕಾರಿಗೆ 1974ರ ಕೊನೆಯ ಹೊತ್ತಿಗೆ ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ದಪ್ಪ ಕಪ್ಪು ಬಂಪರ್ ಬಂತು. ಜನರ ಮತದಲ್ಲಿ ಕೆಂಪು ಕಾರಿಗೆ, ಬಾನೆಟ್ ತೆರೆದಿಟ್ಟ ಕಾರಿಗೆ, ಮಾಲೀಕರು ಪ್ರೀತಿಯಿಂದ ಮಾತಾಡಿಸುವ ಕಾರಿಗೆ ಜಾಸ್ತಿ ಮತ ಬೀಳುವುದನ್ನು ನೋಡಿದ್ದೇನೆ. ಅದರಲ್ಲಿ ತಪ್ಪೇನಿಲ್ಲ. ಇಟಲಿಯ ಕೊಮೊ ಸರೋವರದ ದಡದಲ್ಲಿ 1929ರಲ್ಲಿ ಶುರುವಾದ ವಿಲ್ಲಾ ಡೆಸ್ಟೆ ಪ್ರದರ್ಶನದಲ್ಲೂ ತೀರ್ಪುಗಾರರ ಬಹುಮಾನದ ಜೊತೆಗೆ, ಬಂದವರ ಮತದಿಂದ ಕೊಡುವ ಕೊಪ್ಪಾ ದೊರೊ ಎಂಬ ಬಹುಮಾನ ಇದೆ.

ಅಂಕದ ಪ್ರದರ್ಶನಗಳ ರೀತಿಯೇ ಬೇರೆ. ಇಲ್ಲಿ ಸಾಮಾನ್ಯವಾಗಿ ಕಾರು ಪೂರ್ತಿ ಅಂಕದಿಂದ ಶುರು ಮಾಡುತ್ತದೆ. ತಪ್ಪು ಕಂಡಲ್ಲೆಲ್ಲ ಕಳೆಯುತ್ತಾ ಹೋಗುತ್ತಾರೆ. ಮೇಲಿನ ಸ್ಥಾನಗಳ ನಡುವೆ ಅರ್ಧ ಅಂಕ, ಕಾಲು ಅಂಕದ ವ್ಯತ್ಯಾಸ ಇರುತ್ತದೆ. ಹಾಗಾಗಿ ಒಂದು ತಪ್ಪು ಸ್ಕ್ರೂ ಕೂಡ ಸ್ಥಾನ ಬದಲಿಸಬಹುದು.

ನಾನು ಹೆಚ್ಚು ಕಲಿತದ್ದು ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಸ್ಪೋರ್ಟ್ಸ್ ಕಾರು ಕಾರ್ವೆಟ್ ಸಾಲಿನಲ್ಲಿ. ಅಮೆರಿಕದಲ್ಲಿ 1974ರಲ್ಲಿ ಶುರುವಾದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿಯವರ ಪದ್ಧತಿ ಬಲು ಶಿಸ್ತಿನದು. ಹೊಸಬರು ಅಬ್ಸರ್ವರ್ ಆಗಿ ತಂಡದ ಜೊತೆ ನಿಲ್ಲಬಹುದು. ಅಂಕ ಕೊಡುವಂತಿಲ್ಲ, ನೋಡಿ ಕಲಿಯಬಹುದು. ಕಾರನ್ನು ಐದು ಭಾಗ ಮಾಡುತ್ತಾರೆ: ಕೆಲಸ ಮಾಡುತ್ತದೆಯೇ ಎಂಬ ಪರೀಕ್ಷೆ, ಒಳಭಾಗ, ಹೊರಭಾಗ, ಎಂಜಿನ್ ಮತ್ತು ಯಂತ್ರಭಾಗ, ಕೊನೆಗೆ ಕೆಳಗಿನ ಚಾಸಿ, ಅಂದರೆ ಕಾರಿನ ಚೌಕಟ್ಟು. ಪ್ರತಿ ಭಾಗಕ್ಕೂ ಬೇರೆ ಜನ. ನೂರಕ್ಕೆ 94 ಅಥವಾ ಜಾಸ್ತಿ ಬಂದರೆ ಟಾಪ್ ಫ್ಲೈಟ್, 85 ದಾಟಿದರೆ ಸೆಕೆಂಡ್ ಫ್ಲೈಟ್, 75 ದಾಟಿದರೆ ಥರ್ಡ್ ಫ್ಲೈಟ್. ಇಲ್ಲಿ ಒಬ್ಬರನ್ನು ಸೋಲಿಸಿ ಇನ್ನೊಬ್ಬರು ಗೆಲ್ಲುವುದಿಲ್ಲ. ಕಾರು ಒಂದು ಅಳತೆಗೆ ಎಷ್ಟು ಹತ್ತಿರ ಬಂತು ಎಂಬುದಷ್ಟೇ ಲೆಕ್ಕ. ಹತ್ತು ಕಾರು ಬಂದರೆ ಹತ್ತಕ್ಕೂ ಟಾಪ್ ಫ್ಲೈಟ್ ಸಿಗಬಹುದು.

ಆ ಅಳತೆ ಏನು ಅಂತ ತಿಳಿದಾಗ ನಾನು ನಿಜಕ್ಕೂ ದಂಗಾದೆ. ಕಾರ್ಖಾನೆಯಲ್ಲಿ ಆ ಕಾರು ಸಾಮಾನ್ಯವಾಗಿ ಹೇಗೆ ತಯಾರಾಗುತ್ತಿತ್ತೋ ಹಾಗೆ ಇರಬೇಕು. ಅದಕ್ಕಿಂತ ಕೆಟ್ಟದಾಗಿಯೂ ಇರಬಾರದು, ಚೆನ್ನಾಗಿಯೂ ಇರಬಾರದು! ಅಂದಿನ ಪೇಂಟ್ ಕನ್ನಡಿಯಂತೆ ಇರುತ್ತಿರಲಿಲ್ಲ. ಅಲ್ಲಲ್ಲಿ ಕಿತ್ತಳೆ ಸಿಪ್ಪೆಯಂಥ ತರಿ ಇರುತ್ತಿತ್ತು. ಚಾಸಿಯ ಮೇಲೆ ಕಾರ್ಖಾನೆಯ ಕೆಲಸಗಾರರು ಸೀಮೆಸುಣ್ಣದಲ್ಲಿ, ಬಣ್ಣದಲ್ಲಿ ಗೀಚಿದ ಗುರುತು ಇರುತ್ತಿತ್ತು. ಇದನ್ನೆಲ್ಲ ಉಜ್ಜಿ, ಹೊಸ ತಂತ್ರದ ಪೇಂಟ್ ಬಳಿದು, ಕ್ರೋಮ್ ಇಲ್ಲದ ಭಾಗಕ್ಕೂ ಕ್ರೋಮ್ ಹಾಕಿಸಿ ತಂದರೆ ಅಂಕ ಹೋಗುತ್ತದೆ. ನೋಡಲು ಬಂದವರು ‘ಅಬ್ಬಾ’ ಅನ್ನುವ ಕಡೆಯೇ ತೀರ್ಪುಗಾರರು ಪೆನ್ಸಿಲ್ ತೆಗೆಯುತ್ತಾರೆ.

ನಾನು ಈ ಪದ್ಧತಿಯ ಪರ. ಇಲ್ಲದಿದ್ದರೆ ಒಂದೊಂದು ರಿಸ್ಟೋರೇಶನ್ (ಹಳೆ ಕಾರನ್ನು ಮತ್ತೆ ಸಿದ್ಧಪಡಿಸುವ ಕೆಲಸ) ಹಿಂದಿನದಕ್ಕಿಂತ ಜಾಸ್ತಿ ಹೊಳೆಯುತ್ತಾ ಹೋಗಿ, ನಿಜವಾದ ಕಾರು ಹೇಗಿತ್ತು ಅಂತ ಹೇಳುವವರೇ ಇರುವುದಿಲ್ಲ.

ಎಂಜಿನ್ ನೋಡುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ‘ಮ್ಯಾಚಿಂಗ್ ನಂಬರ್ಸ್’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ, ಅಲ್ವಾ? ಎಂಜಿನ್ ಆ ಕಾರಿನ ಜೊತೆಗೇ ಹುಟ್ಟಿದ್ದು ಎಂಬುದು ಅದರ ತಾತ್ಪರ್ಯ. ಅದನ್ನು ಪರೀಕ್ಷಿಸುವುದು ಒಂದು ನಂಬರಿನಿಂದ ಮುಗಿಯುವುದಿಲ್ಲ. ಜನರಲ್ ಮೋಟರ್ಸ್‌ನ ಎರಕದ ಭಾಗಗಳ ಮೇಲೆ ದಿನಾಂಕ ಮೂಡಿರುತ್ತದೆ. ಮೊದಲು ಒಂದು ಅಕ್ಷರ, ಅದು ತಿಂಗಳು. ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಆಮೇಲೆ ದಿನ, ಆಮೇಲೆ ವರ್ಷದ ಅಂಕಿ. ಬ್ಲಾಕ್ (ಎಂಜಿನ್‌ನ ಮುಖ್ಯ ಭಾಗ) ಎರಕ ಹೊಯ್ದ ದಿನ ಮೊದಲು ಬರಬೇಕು, ಎಂಜಿನ್ ಜೋಡಿಸಿದ ದಿನ ಅದರ ನಂತರ, ಕಾರು ತಯಾರಾದ ದಿನ ಕೊನೆಗೆ. ಬ್ಲಾಕ್‌ನ ದಿನಾಂಕ ಕಾರಿನ ದಿನಾಂಕಕ್ಕಿಂತ ಈಚಿನದಾಗಿದ್ದರೆ ಮಾತೇ ಮುಗಿಯಿತು. ಬಹಳ ಹಿಂದಿನದಾಗಿದ್ದರೂ ಅನುಮಾನ. ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್, ಕಾರ್ಬ್ಯುರೇಟರ್, ಗಾಜು, ಎಲ್ಲದಕ್ಕೂ ಇದೇ ತರ್ಕ. ಟಾರ್ಚ್ ಹಿಡಿದು ಬಗ್ಗಿದ ತೀರ್ಪುಗಾರರು ಒಂದೊಂದೇ ದಿನಾಂಕ ಓದಿ ಜೋಡಿಸುವುದನ್ನು ನೋಡುತ್ತಾ ನಿಂತರೆ ನನಗೆ ಊಟದ ನೆನಪೂ ಆಗುವುದಿಲ್ಲ.

ಕೆಲವನ್ನು ದೂರದಿಂದಲೇ ಹೇಳಬಹುದು. 1953ರ ಕಾರ್ವೆಟ್ ತಯಾರಾಗಿದ್ದು 300 ಮಾತ್ರ. ಎಲ್ಲವೂ ಬಿಳಿ, ಒಳಗೆ ಕೆಂಪು. ಬೇರೆ ಬಣ್ಣದ್ದು ಕಂಡರೆ ಅದು ಆಮೇಲೆ ಬಳಿದದ್ದು. 1963ರ ಕಾರ್ವೆಟ್ ಕೂಪೆಗೆ, ಅಂದರೆ ಗಟ್ಟಿ ಛಾವಣಿಯ ಮಾದರಿಗೆ, ಹಿಂದಿನ ಗಾಜು ಎರಡು ಭಾಗವಾಗಿತ್ತು, ಅದೊಂದೇ ವರ್ಷ. ಹಿಂದೆ ಸರಿಯಾಗಿ ಕಾಣುವುದಿಲ್ಲ ಅಂತ ಆ ಕಾಲದಲ್ಲಿ ಎಷ್ಟೋ ಮಾಲೀಕರು ನಡುವಿನ ಪಟ್ಟಿ ಕತ್ತರಿಸಿ ಒಂದೇ ಗಾಜು ಹಾಕಿಸಿದರು. ಇಂದು ಎಲ್ಲರೂ ಹುಡುಕುವುದು ಆ ಪಟ್ಟಿಯನ್ನೇ.

ಕೆಲಸದ ಪರೀಕ್ಷೆಯಲ್ಲಿ ಹಾರ್ನ್, ದೀಪ, ವೈಪರ್, ರೇಡಿಯೊ, ಗಡಿಯಾರ ಎಲ್ಲ ನಡೆಸಿ ತೋರಿಸಬೇಕು. ಗಡಿಯಾರದಲ್ಲಿ ಅಂಕ ಕಳೆದುಕೊಳ್ಳುವವರು ಬಹಳ.

ಜಾಗ್ವಾರ್ ಸಾಲಿಗೆ ಬಂದರೆ ವಿಂಗಡಣೆ ಬೇರೆ. ಉತ್ತರ ಅಮೆರಿಕದ ಜಾಗ್ವಾರ್ ಕ್ಲಬ್‌ಗಳು ಚಾಂಪಿಯನ್, ಡ್ರಿವನ್, ಸ್ಪೆಷಲ್ ಎಂದು ವಿಭಾಗ ಮಾಡಿಕೊಂಡಿವೆ. ಚಾಂಪಿಯನ್ ವಿಭಾಗದಲ್ಲಿ ಎಂಜಿನ್ ಕೋಣೆ ಸಮೇತ ನೋಡುತ್ತಾರೆ. ಡ್ರಿವನ್ ಎಂಬುದು ರಸ್ತೆಯಲ್ಲಿ ಓಡಿಸುವ ಕಾರುಗಳಿಗೆ. ಅಲ್ಲಿ ಎಂಜಿನ್ ಕೋಣೆಗೆ ಅಂಕ ಇಲ್ಲ. ಬದಲಾವಣೆ ಮಾಡಿದ ಕಾರುಗಳಿಗೆ ಸ್ಪೆಷಲ್ ಇದೆ. ಇದು ನನಗೆ ತುಂಬ ನ್ಯಾಯವಾಗಿ ಕಾಣುತ್ತದೆ. ವಾರಕ್ಕೊಮ್ಮೆ ಓಡಿಸುವ ಕಾರನ್ನೂ ಮುಚ್ಚಿದ ಟ್ರೇಲರ್‌ನಲ್ಲಿ ಬರುವ ಕಾರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹೋಲಿಸಿದರೆ ಓಡಿಸುವವರು ಬರುವುದನ್ನೇ ಬಿಡುತ್ತಾರೆ.

ಜಾಗ್ವಾರ್‌ನ ಇ-ಟೈಪ್ ಮಾಡೆಲ್ ಮುಂದೆ ನಿಂತಾಗ ನಾನು ಮೊದಲು ನೋಡುವುದು ಬಾನೆಟ್‌ನ ಪಕ್ಕ. 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಈ ಕಾರು ಬಿಡುಗಡೆಯಾಯಿತು. ಮೊದಲ ಸುಮಾರು 500 ಕಾರುಗಳಿಗೆ ಬಾನೆಟ್ ಬೀಗ ಹೊರಗಡೆ ಇತ್ತು. ಅದನ್ನು ತೆರೆಯಲು ಬೇರೆ ಕೀಲಿ ಬೇಕಿತ್ತು. ಆಮೇಲೆ ಬೀಗ ಒಳಗೆ ಹೋಯಿತು. ನಂತರ ಹೆಡ್‌ಲೈಟ್ ನೋಡುತ್ತೇನೆ. ಮೊದಲ ಸರಣಿಯ ಕಾರುಗಳಿಗೆ ದೀಪದ ಮೇಲೆ ಗಾಜಿನ ಹೊದಿಕೆ ಇತ್ತು. 1967ರ ಹೊತ್ತಿಗೆ ಅದು ಹೋಯಿತು. 1968ರ ಎರಡನೇ ಸರಣಿಯಲ್ಲೂ ದೀಪ ತೆರೆದೇ ಇದೆ. ಹೊದಿಕೆ ಇದ್ದರೆ ಜಾಸ್ತಿ ಚಂದ ಅಂತ ಎರಡನೇ ಸರಣಿಯ ಕಾರಿಗೂ ಗಾಜು ಹಾಕಿಸುವವರಿದ್ದಾರೆ. ಚಂದ ಹೌದು. ಚಾಂಪಿಯನ್ ವಿಭಾಗದಲ್ಲಿ ಮಾತ್ರ ಅದಕ್ಕೆ ಅಂಕ ಹೋಗುತ್ತದೆ.

ಕಾಂಕೂರ್ ಡೆಲಿಗಾನ್ಸ್ ಎಂಬ ದೊಡ್ಡ ಪ್ರದರ್ಶನಗಳಲ್ಲಿ ಎರಡೂ ಪ್ರಶ್ನೆಗಳನ್ನು ಒಟ್ಟಿಗೆ ಕೇಳುತ್ತಾರೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ಕ್ಲಾಸ್ ತೀರ್ಪುಗಾರರು ಕಾರು ಎಷ್ಟು ಅಸಲಿ, ಎಷ್ಟು ಸರಿಯಾಗಿದೆ ಅಂತ ನೋಡುತ್ತಾರೆ. ಗೌರವ ತೀರ್ಪುಗಾರರು ವಿನ್ಯಾಸ, ಸೊಬಗು ನೋಡುತ್ತಾರೆ. ಕ್ಲಾಸಿನಲ್ಲಿ ಮೊದಲು ಬಂದ ಕಾರುಗಳಷ್ಟೇ ‘ಬೆಸ್ಟ್ ಆಫ್ ಶೋ’ (ಇಡೀ ಪ್ರದರ್ಶನದ ಅತ್ಯುತ್ತಮ ಕಾರು) ಕಣಕ್ಕೆ ಬರುತ್ತವೆ.

ಆ ಬಹುಮಾನದ ಇತಿಹಾಸ ಓದಿದರೆ ಜನರ ಅಭಿರುಚಿ ಬದಲಾದದ್ದು ಕಾಣುತ್ತದೆ. 1950ರಲ್ಲಿ ಶುರುವಾದಾಗ ಹೊಸ ಕಾರುಗಳೇ ಗೆಲ್ಲುತ್ತಿದ್ದವು. 1955ರಲ್ಲಿ ಫಿಲ್ ಹಿಲ್ ಅವರ 1931ರ ಪಿಯರ್ಸ್ ಆ್ಯರೋ ಗೆದ್ದಿತು. ಮುಂದೆ 1961ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆದವರು ಇವರೇ. ಅಲ್ಲಿಂದ ರಿಸ್ಟೋರ್ ಮಾಡಿದ ಹಳೆ ಕಾರುಗಳ ಕಾಲ ಶುರುವಾಯಿತು. ನನಗೆ ದೊಡ್ಡ ಸಂತೋಷ ಕೊಟ್ಟಿದ್ದು 2024ರ ಫಲಿತಾಂಶ. ಅಂದು ಗೆದ್ದ 1934ರ ಬುಗಾಟಿ ಟೈಪ್ 59 ಸ್ಪೋರ್ಟ್ಸ್, ಪ್ರಿಸರ್ವೇಶನ್ ಸಾಲಿನ, ಅಂದರೆ ಹಳೆ ಸ್ಥಿತಿಯಲ್ಲೇ ಉಳಿಸಿಕೊಂಡ ಕಾರುಗಳ ಸಾಲಿನ ಕಾರು. ಆ ಸಾಲಿನಿಂದ ಬೆಸ್ಟ್ ಆಫ್ ಶೋ ಗೆದ್ದ ಮೊದಲ ಕಾರು ಅದು. ಒಂದು ಕಾಲದಲ್ಲಿ ಬೆಲ್ಜಿಯಂನ ರಾಜ ಮೂರನೇ ಲಿಯೊಪೋಲ್ಡ್ ಅವರ ಬಳಿ ಇತ್ತು. ಅದರ ಕಪ್ಪು ಬಣ್ಣ ಸವೆದಿದೆ, ಹಳದಿ ಪಟ್ಟಿ ಮಾಸಿದೆ. ಹಾಗೇ ಬಿಟ್ಟಿದ್ದಾರೆ.

ಪ್ರಿಸರ್ವೇಶನ್ ಸಾಲಿನಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುತ್ತೇನೆ. ಹೊಸಬರು ಇಲ್ಲಿ ಬೇಗ ದಾಟಿ ಹೋಗುತ್ತಾರೆ, ಏಕೆಂದರೆ ಏನೂ ಹೊಳೆಯುವುದಿಲ್ಲ. ತೀರ್ಪುಗಾರರು ಇಲ್ಲಿ ನೋಡುವುದು ಸವೆತಕ್ಕೆ ಒಂದು ಹೊಂದಾಣಿಕೆ ಇದೆಯೇ ಅಂತ. ಮೀಟರ್ ಕಡಿಮೆ ದೂರ ತೋರಿಸುತ್ತಿದ್ದು ಪೆಡಲ್ ರಬ್ಬರ್ ಪೂರ್ತಿ ಸವೆದಿದ್ದರೆ ಪ್ರಶ್ನೆ ಬರುತ್ತದೆ. ಚಾಲಕರ ಸೀಟಿನ ಚರ್ಮ ಬಿರುಕು ಬಿಟ್ಟಿದ್ದು, ಪಕ್ಕದ ಸೀಟು ಅದಕ್ಕಿಂತ ಚೆನ್ನಾಗಿದ್ದರೆ ಅದು ಸಹಜ. ಎರಡೂ ಒಂದೇ ತರಹ ಹೊಸದಾಗಿದ್ದರೆ ಯಾರೋ ಹೊಲಿಸಿದ್ದಾರೆ. ಕಾಳಜಿಯಿಂದ ಉಳಿಸಿದ ಕಾರಿಗೂ ಸುಮ್ನೆ ಮೂಲೆಯಲ್ಲಿ ಬಿಟ್ಟ ಕಾರಿಗೂ ವ್ಯತ್ಯಾಸ ಇದೆ. ತುಕ್ಕು ಇತಿಹಾಸವಲ್ಲ, ಹಾನಿ. ತೀರ್ಪುಗಾರರು ಅದನ್ನು ಹಾಗೇ ನೋಡುತ್ತಾರೆ.

ರೇಸ್ ಕಾರುಗಳ ಸಾಲಿನಲ್ಲಿ ಹಳೆ ಫೋಟೊಗಳೇ ಸಾಕ್ಷಿ. ರೇಸ್ ಕಾರು ಪ್ರತಿ ಸೀಸನ್‌ಗೂ ಬದಲಾಗುತ್ತಿತ್ತು. ಹಾಗಾಗಿ ಮಾಲೀಕರು ಯಾವುದೋ ಒಂದು ರೇಸಿನ ದಿನವನ್ನು ಆರಿಸಿಕೊಂಡು ಆ ದಿನ ಇದ್ದಂತೆ ಸಿದ್ಧಪಡಿಸುತ್ತಾರೆ. ನಂಬರಿನ ಜಾಗ, ಕನ್ನಡಿ, ದೀಪ ಎಲ್ಲವೂ ಆ ಫೋಟೊಗೆ ಸರಿಹೊಂದಬೇಕು. ಕೋಬ್ರಾ ಎಂಬ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಇನ್ನೊಂದು ವಿಷಯ ನೆನಪಿಡಬೇಕು. 1962ರಿಂದ 1967ರವರೆಗೆ ತಯಾರಾದ ಅಸಲಿ ಕಾರುಗಳು ಸುಮಾರು 1000. ಅದಕ್ಕಿಂತ ಎಷ್ಟೋ ಪಟ್ಟು ನಕಲುಗಳು ರಸ್ತೆಯಲ್ಲಿವೆ. ನಕಲುಗಳಿಗೆ ಬೇರೆ ಕ್ಲಾಸ್ ಇರುತ್ತದೆ. ಅವು ಕೆಟ್ಟವು ಅಂತಲ್ಲ, ಅವುಗಳಿಗೆ ಕೇಳುವ ಪ್ರಶ್ನೆ ಬೇರೆ.

ಕ್ಲಾಸ್ ಪಟ್ಟಿಯಲ್ಲಿ ಎ, ಬಿ, ಸಿ ಅಂತ ಅಕ್ಷರ ಕಂಡರೆ ಗಾಬರಿ ಬೇಡ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ವರ್ಷದ ಪ್ರಕಾರ ಮಾಡಿದ ವಿಂಗಡಣೆ ಇರಬಹುದು. 1904ರವರೆಗಿನವು ಎ, 1946ರಿಂದ 1960ರವು ಇ, 1961ರಿಂದ 1970ರವು ಎಫ್. ಅವರ ಲೆಕ್ಕದಲ್ಲಿ 30 ವರ್ಷ ತುಂಬಿದರೆ ಮಾತ್ರ ಐತಿಹಾಸಿಕ ವಾಹನ.

ಇನ್ನು ನಡೆದುಕೊಳ್ಳುವ ರೀತಿ. ನಾನು ಬೆಳಿಗ್ಗೆ ಬೇಗ ಹೋಗುತ್ತೇನೆ. ಕಾರುಗಳು ಓಡಿಕೊಂಡು ಬಂದು ಸಾಲಿಗೆ ಸೇರುವುದು ಆಗಲೇ, ಎಂಜಿನ್ ಸದ್ದು ಕೇಳುವುದೂ ಆಗಲೇ. ಬೆನ್ನಚೀಲ ಹಾಕುವುದಿಲ್ಲ, ತಿರುಗಿದಾಗ ಪೇಂಟಿಗೆ ತಾಗುತ್ತದೆ. ಬಗ್ಗಿ ನೋಡುವಾಗ ಬೆಲ್ಟ್ ಬಕಲ್ ಬಾಗಿಲಿಗೆ ಉಜ್ಜದಂತೆ ನೋಡಿಕೊಳ್ಳುತ್ತೇನೆ. ಕೇಳದೆ ಏನನ್ನೂ ಮುಟ್ಟುವುದಿಲ್ಲ. ತೀರ್ಪುಗಾರರು ಮಾಲೀಕರ ಜೊತೆ ಇರುವಾಗ ಮಾತಾಡಿಸುವುದಿಲ್ಲ, ಎರಡು ಹೆಜ್ಜೆ ಹಿಂದೆ ನಿಂತು ಕೇಳಿಸಿಕೊಳ್ಳುತ್ತೇನೆ. ಆ ಕೆಲವು ನಿಮಿಷ ಮಾಲೀಕರ ವರ್ಷಗಟ್ಟಲೆ ಶ್ರಮದ ಪರೀಕ್ಷೆ. ತೀರ್ಪು ಮುಗಿದ ಮೇಲೆ ಅದೇ ಮಾಲೀಕರು ಹಗುರಾಗುತ್ತಾರೆ. ಆಗ ಹೋಗಿ ‘ಅಂಕ ಎಲ್ಲಿ ಹೋಯಿತು?’ ಅಂತ ವಿನಯದಿಂದ ಕೇಳಿದರೆ ಹೆಚ್ಚಿನವರು ಅಂಕಪಟ್ಟಿಯನ್ನೇ ತೆಗೆದು ತೋರಿಸುತ್ತಾರೆ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇಷ್ಟು. ಇಡೀ ಮೈದಾನವನ್ನು ಒಂದು ಸುತ್ತು ಹಾಕಿ, ನಿಮಗೆ ಇಷ್ಟವಾದ ಒಂದು ಸಾಲನ್ನು ಆರಿಸಿ ತೀರ್ಪು ಮುಗಿಯುವವರೆಗೆ ಅಲ್ಲೇ ಇರಿ. ಯಾವ ಕಾರು ಗೆಲ್ಲಬಹುದು, ಯಾಕೆ ಅಂತ ಚೀಟಿಯಲ್ಲಿ ಬರೆದಿಡಿ. ಸಂಜೆ ಫಲಿತಾಂಶ ಬೇರೆ ಬಂದರೆ ಆ ಸಾಲಿನ ಮುಖ್ಯ ತೀರ್ಪುಗಾರರನ್ನು ಹುಡುಕಿ ಕಾರಣ ಕೇಳಿ. ಆಸಕ್ತಿ ಮುಂದುವರಿದರೆ ಆ ಮಾಡೆಲ್‌ನ ಕ್ಲಬ್ ಸೇರಿ ತೀರ್ಪಿನ ಕೈಪಿಡಿ ತರಿಸಿಕೊಳ್ಳಿ. ಹಲವು ಕ್ಲಬ್‌ಗಳು ತೀರ್ಪುಗಾರರಿಗೆ ತರಬೇತಿಯನ್ನೂ ಕೊಡುತ್ತವೆ, ಅದಕ್ಕೆ ಸ್ವಂತ ಕಾರು ಇರಲೇಬೇಕೆಂದಿಲ್ಲ.