ಆರು ಮರ, ಮೂವತ್ತು ಮಕ್ಕಳು

"ಮರಗಳಿಂದ ನಮಗೇನು ಉಪಯೋಗ?" ಅಂತ ಕೇಳಿದರೆ ನನ್ನ ನಾಲ್ಕನೇ ತರಗತಿಯ ಮೂವತ್ತು ಮಕ್ಕಳೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು: ಆಮ್ಲಜನಕ, ನೆರಳು, ಹಣ್ಣು, ಮಳೆ. ಒಂದು ದಿನ ಬೇರೆ ಪ್ರಶ್ನೆ ಕೇಳಿದೆ. "ನಮ್ಮ ಗೇಟಿನಿಂದ ಕ್ಲಾಸಿಗೆ ಬರುವ ದಾರಿಯಲ್ಲಿ ಎಷ್ಟು ಮರ ಇವೆ?" ಯಾರಿಗೂ ಗೊತ್ತಿರಲಿಲ್ಲ. ಮೂರು ಅಂದರು, ನಾಲ್ಕು ಅಂದರು. ಇದ್ದದ್ದು ಆರು. ದಿನಾ ಅವುಗಳ ಕೆಳಗೇ ಓಡಾಡುವ ಮಕ್ಕಳು ಇವರು! ಉಪಯೋಗದ ಪಟ್ಟಿ ಆಮೇಲೆ ಇರಲಿ, ಮೊದಲು ಮರದ ಪರಿಚಯ ಆಗಲಿ ಅಂತ ಅವತ್ತೇ ನಿರ್ಧಾರ ಮಾಡಿದೆ.

ಐದೈದು ಮಕ್ಕಳ ಆರು ಗುಂಪು ಮಾಡಿ, ಗುಂಪಿಗೊಂದು ಮರ ಕೊಟ್ಟೆ. ಇಡೀ ವರ್ಷಕ್ಕೆ ಅದು ಅವರ ಮರ. ವಾರಕ್ಕೆ ಒಂದು ಪೀರಿಯಡ್ ಹೊರಗೆ. ಮೊದಲ ದಿನ ಕಾಂಡದ ಸುತ್ತಳತೆಗೆ ಸರಿಯಾಗಿ ದಾರ ಕತ್ತರಿಸಿ, ತಾರೀಖಿನ ಚೀಟಿ ಕಟ್ಟಿ ಕವರಿನಲ್ಲಿಟ್ಟೆವು. ಅಳತೆಯನ್ನು ನೆಲದಿಂದ ಸರಿಯಾಗಿ 1 ಮೀಟರ್ ಎತ್ತರದಲ್ಲಿ ತೆಗೆಯಬೇಕು. "ಎದೆ ಮಟ್ಟದಲ್ಲಿ" ಅಂದರೆ ಆಗಲ್ಲ, ವರ್ಷದಲ್ಲಿ ಮಕ್ಕಳೂ ಬೆಳೆದಿರುತ್ತಾರಲ್ಲ.

ನೋಟ್‌ಬುಕ್ಕಿನಲ್ಲಿ ಬರೆಯಬೇಕಾದ್ದು ಇಷ್ಟೇ: ಇವತ್ತು ನಮ್ಮ ಮರದಲ್ಲಿ ಹೊಸದಾಗಿ ಏನು ಕಂಡಿತು? ಮೊದಲ ವಾರ ಎಲ್ಲರದ್ದೂ "ಏನೂ ಇಲ್ಲ". ಮೂರನೇ ವಾರದ ಹೊತ್ತಿಗೆ ಇರುವೆ ಸಾಲು, ಜೇಡರ ಬಲೆ, ತೊಗಟೆಯ ಮೇಲಿನ ಅಂಟು, ಹುಳು ತಿಂದ ಎಲೆ ಎಲ್ಲ ಪುಟಕ್ಕೆ ಬಂದವು. ನಾನು ಕಾಗುಣಿತವನ್ನೂ ತಿದ್ದಲಿಲ್ಲ. ತಿದ್ದಿದರೆ ಕಂಡದ್ದು ಬಿಟ್ಟು, ಗೊತ್ತಿರುವ ಪದವನ್ನಷ್ಟೇ ಬರೆಯುತ್ತಾರೆ.

ಎಲ್ಲಕ್ಕಿಂತ ಚೆನ್ನಾಗಿ ಹಿಡಿಸಿದ್ದು ಪ್ಲಾಸ್ಟಿಕ್ ಕವರಿನ ಪ್ರಯೋಗ. ಬಿಸಿಲು ಬೀಳುವ ಒಂದು ಎಲೆಗೊಂಚಲಿಗೆ ಪಾರದರ್ಶಕ ಕವರ್ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿದೆವು. ಎರಡು ಗಂಟೆ ಬಿಟ್ಟು ಹೋಗಿ ನೋಡಿದರೆ ಒಳಗೆಲ್ಲ ಮಂಜು. ಸಣ್ಣ ಸಣ್ಣ ಹನಿಗಳು ಕೂಡಿಕೊಂಡು ಕವರಿನ ಮೂಲೆಗೆ ಜಾರುತ್ತಿದ್ದವು. ಮೂಲೆ ಕತ್ತರಿಸಿ ಬಾಟಲಿಯ ಮುಚ್ಚಳಕ್ಕೆ ಬಸಿದೆವು. ಮುಚ್ಚಳ ಪೂರ್ತಿ ತುಂಬಲಿಲ್ಲ, ಆದರೂ ಅಷ್ಟು ನೀರನ್ನು ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಆಗ ಒಬ್ಬ ಹುಡುಗ ಕೇಳಿದ, "ಟೀಚರ್, ಅದು ಕವರಿನೊಳಗಿನ ಗಾಳಿಯಲ್ಲೇ ಇದ್ದ ನೀರು ಇರಬಹುದಲ್ವಾ?" ಎಷ್ಟು ಒಳ್ಳೆಯ ಪ್ರಶ್ನೆ! ಮುಂದಿನ ವಾರ ಒಂದು ಕವರ್ ಎಲೆಗೆ, ಇನ್ನೊಂದು ಒಣಕಡ್ಡಿಗೆ ಕಟ್ಟಿದೆವು. ಒಣಕಡ್ಡಿಯ ಕವರಿನಲ್ಲಿ ಹನಿ ಕೂಡಲೇ ಇಲ್ಲ. (ಮಾಡುವವರು ಕವರನ್ನು ಮರೆಯದೆ ಬಿಚ್ಚಿ. ಬಿಸಿಲಿಗೆ ಹಾಗೇ ಬಿಟ್ಟರೆ ಎಲೆ ಬೆಂದುಹೋಗುತ್ತದೆ.)

ಇದಾದ ಮೇಲೆ ನೆರಳಿನ ಪಾಠ ಸುಲಭವಾಯಿತು. ಮಧ್ಯಾಹ್ನ ಮಕ್ಕಳನ್ನು ಐದು ನಿಮಿಷ ಸೈಕಲ್ ನಿಲ್ಲಿಸುವ ತಗಡಿನ ಶೆಡ್ಡಿನ ಕೆಳಗೆ ನಿಲ್ಲಿಸಿದೆ, ಇನ್ನೈದು ನಿಮಿಷ ಮರದ ಕೆಳಗೆ. ಎರಡೂ ನೆರಳೇ. ಆದರೆ ತಗಡಿನ ಕೆಳಗೆ ನೆತ್ತಿ ಸುಡುತ್ತಿತ್ತು. ಯಾಕೆ ಅಂತ ಹೇಳುವ ಮೊದಲು, ಮುಂಗೈ ಒದ್ದೆ ಮಾಡಿಕೊಂಡು ಊದಲು ಹೇಳಿದೆ. ತಣ್ಣಗಾಯಿತು ಅಂದರು. ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುತ್ತದೆ. ಎಲೆಯಿಂದ ನೀರು ಹೊರಗೆ ಬರುವುದನ್ನು ಅವರು ಆಗಲೇ ಕಣ್ಣಾರೆ ಕಂಡಿದ್ದರು. ತಗಡಿಗೆ ಬಿಡಲು ನೀರಿಲ್ಲ, ಅದು ಸುಮ್ನೆ ಕಾಯುತ್ತದೆ, ಕಾದು ಕೆಳಗಿದ್ದವರನ್ನೂ ಕಾಯಿಸುತ್ತದೆ. ನೆಲದ ಬಿಸಿ ಅಳೆಯುವುದಾದರೆ ಲ್ಯಾಬಿನ ಥರ್ಮಾಮೀಟರ್ ತನ್ನಿ. ಜ್ವರ ನೋಡುವುದರಲ್ಲಿ 42 ಡಿಗ್ರಿಗೇ ಅಳತೆ ಮುಗಿಯುತ್ತದೆ.

ಇನ್ನೊಂದು ದಿನ, "ಇಷ್ಟು ದೊಡ್ಡ ಮರ ಯಾವುದರಿಂದ ಆಯಿತು?" ಅಂತ ಕೇಳಿದೆ. ಎಲ್ಲರೂ ಮಣ್ಣಿನಿಂದ ಅಂದರು. ಆಗ ಹದಿನೇಳನೇ ಶತಮಾನದ ವಿಜ್ಞಾನಿ ಯಾನ್ ವಾನ್ ಹೆಲ್ಮಾಂಟ್‌ನ ಕಥೆ ಹೇಳಿದೆ. 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡ್ ತೂಕದ ವಿಲ್ಲೋ ಗಿಡ ನೆಟ್ಟು, 5 ವರ್ಷ ಬರೀ ನೀರು ಹಾಕಿದ ಮನುಷ್ಯ. ಕೊನೆಗೆ ಮರದ ತೂಕ 169 ಪೌಂಡ್ ದಾಟಿತ್ತು. ಮಣ್ಣು ಕಡಿಮೆಯಾದದ್ದು 2 ಔನ್ಸ್‌ನಷ್ಟು ಮಾತ್ರ. ಎಲ್ಲ ನೀರಿನಿಂದಲೇ ಆಯಿತು ಅಂತ ಅವನು ಅಂದುಕೊಂಡ. 1648ರಲ್ಲಿ, ಅವನು ತೀರಿಕೊಂಡ ಮೇಲೆ, ಅದು ಪುಸ್ತಕದಲ್ಲಿ ಬಂತು. ಗಾಳಿಯ ಪಾಲು ಅವನಿಗೆ ತಿಳಿದಿರಲಿಲ್ಲ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅದನ್ನು ಎಲೆಗಳು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್‌ನಿಂದ ತೆಗೆದುಕೊಳ್ಳುತ್ತವೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಬೆಂಚಿನ ಮೇಲೆ ಅಂಗೈಯಿಂದ ಎರಡು ಸಲ ಬಡಿದು ನೋಡಿದಳು. "ಹಾಗಾದ್ರೆ ಈ ಬೆಂಚೂ ಗಾಳಿನಾ, ಟೀಚರ್?" ಕ್ಲಾಸೆಲ್ಲ ಬೆಂಚು ಬಡಿಯಿತು. ಮರ ಗಾಳಿಯನ್ನು ಶುದ್ಧ ಮಾಡುತ್ತದೆ ಅಂತ ನೂರು ಸಲ ಹೇಳಿದ್ದರೂ ಆಗದಿದ್ದ ಕೆಲಸ ಅವತ್ತು ಆಯಿತು.

ಕಾಡು ಮುಗಿದುಹೋಗುತ್ತದೆ, ಭೂಮಿ ಸುಟ್ಟುಹೋಗುತ್ತದೆ ಅಂತ ಈ ವಯಸ್ಸಿನ ಮಕ್ಕಳನ್ನು ಹೆದರಿಸುವುದು ನನಗೆ ಸರಿ ಕಾಣುವುದಿಲ್ಲ. ಹೆದರಿದ ಮಗು ಮುಖ ತಿರುಗಿಸಿಕೊಳ್ಳುತ್ತದೆ. ಮರದ ಬಗ್ಗೆ ಕಾಳಜಿ ತಾನಾಗಿ ಹುಟ್ಟುವುದನ್ನು ನಾನು ಕಂಡಿದ್ದೇನೆ. ಒಂದು ಗುಂಪಿನ ಮರ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಾಗ ಒಬ್ಬಳು ಅಳುತ್ತಾ ಬಂದಳು, "ನಮ್ಮ ಮರ ಸತ್ತೋಯ್ತು." ಕರೆದುಕೊಂಡು ಹೋಗಿ ಒಂದು ತೆಳು ರೆಂಬೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೋರಿಸಿದೆ. ಬೂದು ಸಿಪ್ಪೆಯ ಕೆಳಗೆ ಹಸಿ ಹಸಿರು ಗೆರೆ. ಅವಳು ಅದನ್ನು ಬೆರಳಿನಿಂದ ಮುಟ್ಟಿ, ಮೂಸಿ ನೋಡಿ, ಓಡಿಹೋಗಿ ಉಳಿದ ನಾಲ್ವರನ್ನು ಎಳೆದುಕೊಂಡು ಬಂದಳು.

ಸಸಿ ನೆಡುವ ವಿಷಯದಲ್ಲಿ ಒಂದು ನೋವಿದೆ. ಹಿಂದೆ ನಾನಿದ್ದ ಶಾಲೆಯಲ್ಲಿ ಜೂನ್ 5ರ ಪರಿಸರ ದಿನಕ್ಕೆ ಐವತ್ತು ಸಸಿ ನೆಟ್ಟೆವು, ಫೋಟೊ ತೆಗೆಸಿಕೊಂಡೆವು. ರಜೆ ಮುಗಿಸಿ ಬಂದಾಗ ನಾಲ್ಕು ಉಳಿದಿದ್ದವು. ನೀರು ಹಾಕುವವರು ಯಾರು ಅಂತ ನಾವು ಯಾರೂ ಮಾತಾಡಿಕೊಂಡಿರಲಿಲ್ಲ. ಮಕ್ಕಳು ಒಣಗಿದ ಕಡ್ಡಿಗಳನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ. ಹಾಗಾಗಿ ಈ ಸಲ ಗುಂಪಿಗೆ ಒಂದೇ ಸಸಿ. ನೆಡುವ ಮೊದಲೇ ರಜೆಯೂ ಸೇರಿ ನೀರಿನ ಸರದಿ ಬರೆದು ಗೋಡೆಗೆ ಅಂಟಿಸಿದೆವು. ಆರರಲ್ಲಿ ಐದು ಉಳಿದವು. ಸತ್ತ ಒಂದರ ಜಾಗದಲ್ಲಿ ಮಕ್ಕಳೇ ಇನ್ನೊಂದು ತಂದು ನೆಟ್ಟರು.

ದಾರದ ಕಥೆ ಹೇಳುವುದಿದೆ. ಮೂರು ತಿಂಗಳಿಗೊಮ್ಮೆ ಸುತ್ತಿ ನೋಡುತ್ತಿದ್ದೆವು. ಮೊದಲ ಸಲ ಏನೂ ವ್ಯತ್ಯಾಸವಿಲ್ಲ, ಎರಡನೇ ಸಲವೂ ಅಷ್ಟೇ. ಬೇಜಾರು ಮಾಡಿಕೊಂಡರು. ವರ್ಷದ ಕೊನೆಗೆ ಅದೇ 1 ಮೀಟರ್ ಗುರುತಿನಲ್ಲಿ ದಾರ ಸುತ್ತಿದಾಗ ಎಲ್ಲಕ್ಕಿಂತ ಚಿಕ್ಕ ಮರದ ಗುಂಪು ಕಿರುಚಿದ್ದು ಸ್ಟಾಫ್ ರೂಮಿಗೂ ಕೇಳಿಸಿತು. ಎಷ್ಟು ಎಳೆದರೂ ದಾರದ ಎರಡು ತುದಿ ಕೂಡುತ್ತಿರಲಿಲ್ಲ. ನಡುವೆ ಒಂದು ಬೆರಳಿನಷ್ಟು ತೊಗಟೆ ಕಾಣುತ್ತಿತ್ತು. ಆ ಜಾಗದ ಮೇಲೆ ಒಬ್ಬೊಬ್ಬರಾಗಿ ಬೆರಳು ಇಟ್ಟು ನೋಡಿದರು.