ನಿಂತ ಪದ್ಮಿನಿಯ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್: ಕೀ ತಿರುಗಿಸುವ ಮೊದಲು

ಅಪ್ಪನ ಪ್ರೀಮಿಯರ್ ಪದ್ಮಿನಿ ಕಟಪಾಡಿಯ ಮನೆಯ ಹಟ್ಟಿಯಲ್ಲಿ ಏಳು ವರ್ಷ ನಿಂತಿತ್ತು. 1984ರ ಕಾರು. ದನಗಳನ್ನು ಕೊಟ್ಟ ಮೇಲೆ ಹಟ್ಟಿ ಖಾಲಿಯಾಗಿ, ಅಲ್ಲಿಗೆ ಕಾರು ಬಂದಿತ್ತು. 2017ರಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. 2024ರ ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ನಾನು ಟ್ಯಾಂಕಿನ ಮುಚ್ಚಳ ತೆಗೆದೆ. ಪೆಟ್ರೋಲಿನ ಆ ಚುರುಕು ವಾಸನೆ ಬರಲೇ ಇಲ್ಲ. ಹಳೇ ಪೈಂಟ್ ಡಬ್ಬಿ ತೆರೆದ ಹಾಗಿತ್ತು. ಸ್ವಲ್ಪ ಹುಳಿ, ಸ್ವಲ್ಪ ವಾರ್ನಿಶ್.

ತಮ್ಮ ಬೆಂಗಳೂರಿನಿಂದ ಫೋನ್ ಮಾಡಿ, "ಅಕ್ಕಾ, ಹೊಸ ಬ್ಯಾಟರಿ ಹಾಕಿ ಐದು ಲೀಟರ್ ಪೆಟ್ರೋಲ್ ಸುರಿದು ಒಂದ್ಸಲ ಸೆಲ್ಫ್ ಹೊಡೆದು ನೋಡು" ಅಂದ. ಎಲ್ಲರೂ ಕೊಡುವ ಸಲಹೆ ಇದೇ. ನಾನು ಒಪ್ಪಲಿಲ್ಲ. ಯಾಕೆಂದರೆ ಪಕ್ಕದ ಮನೆ ಮಾವನ ಅಂಬಾಸಡರ್‌ಗೆ ಏನಾಯಿತು ಅಂತ ಕಣ್ಣಾರೆ ನೋಡಿದ್ದೆ. ಅವರು ಹಳೇ ಪೆಟ್ರೋಲ್ ಮೇಲೆಯೇ ಹೊಸದನ್ನು ಹಾಕಿ ಸ್ಟಾರ್ಟ್ ಮಾಡಿದರು. ಸ್ಟಾರ್ಟ್ ಆಯಿತು, ಓಡಿತು ಕೂಡ. ಎಲ್ಲರಿಗೂ ಖುಷಿ. ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಒಳಗೆ ಟಕ್ ಟಕ್ ಸದ್ದು. ಬಿಚ್ಚಿ ನೋಡಿದರೆ ಎರಡು ವಾಲ್ವ್ ಅಂಟಿಕೊಂಡಿದ್ದವು, ವಾಲ್ವನ್ನು ದೂಡಿ ತೆರೆಯುವ ಒಂದು ಸರಳು, ಅಂದರೆ ಪುಶ್ ರಾಡ್, ಬಗ್ಗಿತ್ತು. ಹಾಳಾದ ಪೆಟ್ರೋಲಿನ ಅಂಟು ವಾಲ್ವಿನ ಕಾಂಡಕ್ಕೆ ಹಿಡಿಯುತ್ತದೆ. ಎಂಜಿನ್ ಬಿಸಿ ಇರುವಾಗ ಅದು ಮೆತ್ತಗಿರುತ್ತದೆ. ತಣಿದ ಮೇಲೆ ಗೋಂದಿನ ಹಾಗೆ ಗಟ್ಟಿಯಾಗುತ್ತದೆ. ಆ ಹೊತ್ತಿಗೆ ಎಂಜಿನ್ ತಿರುಗಿಸಿದರೆ ಬಗ್ಗುವುದು ಪುಶ್ ರಾಡ್. ಪದ್ಮಿನಿಯಲ್ಲೂ ಪುಶ್ ರಾಡೇ ಇರುವುದು.

ಹಾಗಾಗಿ ಮೊದಲ ಕೆಲಸ, ಬ್ಯಾಟರಿ ತೆಗೆದಿಡಿ. ಕೀಯನ್ನೂ ಬೇರೆ ಕಡೆ ಇಡಿ. ಆಸೆಗೆ ಬಿದ್ದು ಯಾರಾದರೂ ತಿರುಗಿಸಿಬಿಡುತ್ತಾರೆ.

ಪೆಟ್ರೋಲ್ ಹಾಳಾಗುವುದು ಹೇಗೆ ಅಂತ ತಿಳಿದರೆ ಮುಂದಿನ ಕೆಲಸ ಸುಲಭ. ಅದು ಒಂದೇ ವಸ್ತು ಅಲ್ಲ, ನೂರಾರು ಬಗೆಯ ಎಣ್ಣೆಗಳ ಮಿಶ್ರಣ. ಹಗುರವಾದದ್ದು ಮೊದಲು ಆವಿಯಾಗಿ ಹೋಗುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಬೇಕಾದದ್ದು ಅದೇ. ಉಳಿದದ್ದು ಗಾಳಿಯ ಜೊತೆ ಸೇರಿ ನಿಧಾನವಾಗಿ ಅಂಟಾಗುತ್ತದೆ. ಇದರ ಮೇಲೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್ (ಒಂದು ಬಗೆಯ ಆಲ್ಕೋಹಾಲ್) ಬೇರೆ. ಎಥೆನಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಜೂನ್, ಜುಲೈ ಹೇಗಿರುತ್ತದೆ ಗೊತ್ತಲ್ವಾ? ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅರ್ಧ ಖಾಲಿ ಟ್ಯಾಂಕ್ ದಿನಾ ಅದೇ ಗಾಳಿಯನ್ನು ಉಸಿರಾಡುತ್ತಿರುತ್ತದೆ. ಶೇ. 10 ಎಥೆನಾಲ್ ಇರುವ ಪೆಟ್ರೋಲ್ ಹೆಚ್ಚೆಂದರೆ ಶೇ. 0.5ರಷ್ಟು ನೀರನ್ನು ತಡೆದುಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿಯಾದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತವೆ. ತಳದಲ್ಲೇ ಅಲ್ವಾ ಪೈಪ್ ಎಳೆಯುವುದು! ಇದಕ್ಕೆ ಹೊಸ ಪೆಟ್ರೋಲ್ ಬೆರೆಸುವುದು ಹಳಸಿದ ಸಾರಿಗೆ ಇವತ್ತಿನ ಸಾರು ಬೆರೆಸಿದ ಹಾಗೆ.

ಇನ್ನು ಜಾಗದ ವಿಷಯ. ಇದನ್ನು ದಯವಿಟ್ಟು ಓದಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿನ ಕಡೆ ಹೋಗುತ್ತದೆ. ನಮ್ಮ ಹಟ್ಟಿಯ ಗೋಡೆಗೆ ತಾಗಿಯೇ ಬಚ್ಚಲು ಮನೆ. ಹಂಡೆಯ ಒಲೆಯಲ್ಲಿ ಬೆಳಿಗ್ಗಿನ ಕೆಂಡ ಮಧ್ಯಾಹ್ನದವರೆಗೂ ಇರುತ್ತದೆ. ನಾವು ನಾಲ್ಕು ಜನ ಸೇರಿ ಕಾರನ್ನು ದೂಡಿ ಅಂಗಳದ ಆಚೆ ತುದಿಗೆ ತಂದೆವು. ಅಮ್ಮನಿಗೆ ಹೇಳಿ ಆ ದಿನ ಒಲೆ ಹಚ್ಚಲಿಲ್ಲ. ತುಳಸಿಕಟ್ಟೆಯ ದೀಪವನ್ನೂ ಕೆಲಸ ಮುಗಿದು, ವಾಸನೆ ಹೋದ ಮೇಲೆ ಇಟ್ಟೆವು. ಪಕ್ಕದಲ್ಲಿ ಪೌಡರ್ ಇರುವ ಬೆಂಕಿ ನಂದಿಸುವ ಸಿಲಿಂಡರ್ ಮತ್ತು ಎರಡು ಬಕೆಟ್ ಹೊಯ್ಗೆ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿಯಬೇಡಿ. ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನೂ ಜೊತೆಗೆ ಒಯ್ಯುತ್ತದೆ.

ಕಾರಿನ ಅಡಿಗೆ ದಪ್ಪ ಟಾರ್ಪಾಲ್ ಹಾಸಿ, ಅದರ ಮೇಲೆ ಹೊಯ್ಗೆ ಹರಡಿ. ಇದು ಬಾವಿಗಾಗಿ. ನಮ್ಮ ಬಾವಿ ಹಟ್ಟಿಯಿಂದ ಹನ್ನೆರಡು ಹೆಜ್ಜೆ. ಈ ಕಡೆಯ ನೆಲ ಮುರಕಲ್ಲು, ತೂತು ತೂತು. ಮೇಲೆ ಚೆಲ್ಲಿದ್ದು ಒಳಗೆ ಇಳಿದೇ ಇಳಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ತೋಟದ ಮೂಲೆಗೆ ಸುರಿದರೆ ಏನಾಗುತ್ತದೆ ಅಂತ ಕೇಳುವವರಿದ್ದಾರೆ. ನಾಳೆ ನೀವು ಮತ್ತು ಪಕ್ಕದ ಮನೆಯವರು ಕೊಡಪಾನದಲ್ಲಿ ಸೇದುವುದು ಅದನ್ನೇ.

ಟ್ಯಾಂಕ್ ಖಾಲಿ ಮಾಡುವಾಗ ಪೈಪಿಗೆ ಬಾಯಿ ಹಾಕಿ ಎಳೆಯಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಆಸ್ಪತ್ರೆಯೇ ಗತಿ. ಕೈಯಲ್ಲಿ ಒತ್ತುವ ರಬ್ಬರ್ ಗುಂಡಿನ ಪಂಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ನೀರೆತ್ತುವ ಕರೆಂಟ್ ಪಂಪ್ ಬೇಡವೇ ಬೇಡ, ಅದರ ಒಂದು ಕಿಡಿ ಸಾಕು. ತುಂಬಿಸಲು ತಗಡಿನ ಕ್ಯಾನ್ ಇರಲಿ, ಅದು ನೆಲದ ಮೇಲೇ ಕೂತಿರಲಿ. ಟ್ಯಾಂಕಿನ ಅಡಿಯ ಡ್ರೇನ್ ಬೋಲ್ಟ್ ತುಕ್ಕು ಹಿಡಿದಿದ್ದರೆ ಸುಮ್ನೆ ಬಲ ಹಾಕಬೇಡಿ, ತಗಡೇ ಕಿತ್ತು ಬರುತ್ತದೆ. ನಾವು ಮೇಲಿನಿಂದಲೇ ಎಳೆದೆವು. ಹನ್ನೊಂದು ಲೀಟರ್ ಬಂತು.

ಮೊದಲ ಅರ್ಧ ಲೀಟರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ನೆರಳಿನಲ್ಲಿ ಇಟ್ಟೆ. ಪಕ್ಕದಲ್ಲಿ ಇನ್ನೊಂದು ಬಾಟಲಿಯಲ್ಲಿ ಬಂಕಿನಿಂದ ತಂದ ಹೊಸ ಪೆಟ್ರೋಲ್. ಹಳೆಯದು ಬೆಲ್ಲದ ಪಾನಕದ ಬಣ್ಣಕ್ಕೆ ತಿರುಗಿತ್ತು. ಅರ್ಧ ಗಂಟೆಯಲ್ಲಿ ತಳದಲ್ಲಿ ಎರಡು ಬೆರಳು ದಪ್ಪದ ಬೇರೆ ಪದರ ಕಂಡಿತು, ನಡುವೆ ಗೆರೆ ಎಳೆದ ಹಾಗೆ. ಪದರದ ಕೆಳಗೆ ಸಣ್ಣ ಕೆಂಪು ಹುಡಿ. ಅದು ಟ್ಯಾಂಕಿನ ತುಕ್ಕು. ಆಮೇಲೆ ಬಂಕಿನವರು ಮಾಡುವ ಫಿಲ್ಟರ್ ಪೇಪರ್ ಪರೀಕ್ಷೆ ಮಾಡಿದೆ. ಎರಡರದ್ದೂ ಒಂದೊಂದು ಹನಿ ಪೇಪರ್ ಮೇಲೆ. ಹೊಸದು ಎರಡು ನಿಮಿಷದೊಳಗೆ ಆರಿಹೋಯಿತು, ಗುರುತೂ ಉಳಿಯಲಿಲ್ಲ. ಹಳೆಯದು ಹಳದಿ ಉಂಗುರ ಬಿಟ್ಟಿತು. ಬೆರಳಿಟ್ಟರೆ ಅಂಟುತ್ತಿತ್ತು.

ನಿಮ್ಮ ಕಾರು ನಿಂತದ್ದು ಐದಾರು ತಿಂಗಳಷ್ಟೇ ಆಗಿದ್ದು, ಬಾಟಲಿಯಲ್ಲಿ ಪದರ ಇಲ್ಲ, ಪೇಪರ್ ಮೇಲೆ ಕಲೆಯೂ ಇಲ್ಲ ಅಂದರೆ ಅಷ್ಟು ಹೆದರಬೇಕಿಲ್ಲ. ಕಾರು ಸರಿಯಾಗಿ ಓಡಲು ಶುರುವಾದ ಮೇಲೆ ಹತ್ತು ಲೀಟರ್ ಹೊಸದಕ್ಕೆ ಒಂದು ಲೀಟರಿನಂತೆ ಸೋಸಿ ಬೆರೆಸಿ ಮುಗಿಸಬಹುದು. ಪದರ ಕಂಡಿತೋ, ಅದು ಯಾವ ಗಾಡಿಗೂ ಬೇಡ. ಸ್ಕೂಟರಿಗೂ ಬೇಡ. ಕ್ಯಾನಿನ ಮೇಲೆ "ಹಾಳಾದ ಪೆಟ್ರೋಲ್" ಅಂತ ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ತ್ಯಾಜ್ಯ ಕೊಡುವ ವರ್ಕ್‌ಶಾಪಿನವರ ಹತ್ತಿರ ಮೊದಲೇ ಕೇಳಿ, ಅವರಿಗೆ ಒಪ್ಪಿಸಿ. ಎಂಜಿನ್ ಆಯಿಲ್ ಡ್ರಮ್ಮಿಗೆ ಮಾತ್ರ ಸುರಿಯಬೇಡಿ. ಅದರಲ್ಲಿ ಪೆಟ್ರೋಲ್ ಇದೆ ಅಂತ ಗೊತ್ತಿಲ್ಲದವರ ಕೈಗೆ ಹೋದರೆ ಅಪಾಯ.

ಟ್ಯಾಂಕ್ ಇಳಿಸಿ ತೊಳೆಯಲೇಬೇಕಾಯಿತು. ಒಂದು ಹಿಡಿ ನಟ್ಟುಗಳು, ಸೋಪು ನೀರು ಹಾಕಿ ಇಬ್ಬರು ಹಿಡಿದು ಚೆನ್ನಾಗಿ ಕುಲುಕಿದೆವು. ಅಮ್ಮ ಹುಣಸೆಹುಳಿ ತಂದುಕೊಟ್ಟರು. ಹಿತ್ತಾಳೆ ಚೆಂಬಿಗೆ ಸರಿ, ಆದರೆ ಇಲ್ಲಿ ಅದರ ನಾರು ಮೂಲೆಯಲ್ಲಿ ಉಳಿದರೆ ಮತ್ತೆ ಪೈಪ್ ಕಟ್ಟುತ್ತದೆ. ಹಾಗಾಗಿ ಅಂಗಡಿಯ ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ತೆಗೆಯುವ ದ್ರಾವಣ ಹಾಕಿದೆವು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕು. ಆಮೇಲೆ ಅಡಿಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಇಟ್ಟೆವು. ತೊಳೆದ ನೀರನ್ನೂ ನೆಲಕ್ಕೆ ಬಿಡದೆ ಕ್ಯಾನಿಗೇ ತುಂಬಿಸಿ ಹಳೇ ಪೆಟ್ರೋಲಿನ ಜೊತೆ ಕಳಿಸಿದೆವು. ಟ್ಯಾಂಕ್ ಎಲ್ಲಾದರೂ ತೂತಾಗಿದ್ದರೆ ನೇರವಾಗಿ ವೆಲ್ಡಿಂಗಿಗೆ ಒಯ್ಯಬೇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆ ಪೂರ್ತಿ ಆವಿಯೇ ಇರುತ್ತದೆ. ಪೆಟ್ರೋಲ್ ಟ್ಯಾಂಕ್ ಮಾಡಿ ಅನುಭವ ಇದ್ದವರ ಕೈಗೆ ಮಾತ್ರ ಕೊಡಿ.

ರಬ್ಬರ್ ಪೈಪುಗಳನ್ನು ನೋಡುವುದೂ ಬೇಡ, ಎಲ್ಲವನ್ನೂ ಬದಲಿಸಿ. 2023ರ ಫೆಬ್ರವರಿಯಲ್ಲಿ ಇ20, ಅಂದರೆ ಶೇ. 20 ಎಥೆನಾಲ್ ಇರುವ ಪೆಟ್ರೋಲ್ ಬಂತು, ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. 1980ರ ದಶಕದ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಉಬ್ಬುತ್ತದೆ, ಬಿರಿಯುತ್ತದೆ, ಒಳಗಿಂದ ಹುಡಿ ಉದುರುತ್ತದೆ. ಅಂಗಡಿಯಲ್ಲಿ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರುವ ಹೋಸ್ ಕೇಳಿ. ಎಂಜಿನ್‌ಗೆ ಪೆಟ್ರೋಲ್ ಎಳೆದುಕೊಡುವ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಕೂಡ ಹೊಸದು ಹಾಕಿ. ಅದು ಹರಿದಿದ್ದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸದೆ ಎಂಜಿನ್ ತಿರುಗಿಸಬೇಡಿ.

ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರನ್ನು ನಾನು ಬಿಚ್ಚಲಿಲ್ಲ. ಉಡುಪಿಯ ಒಬ್ಬ ಹಳೇ ಮೆಕ್ಯಾನಿಕ್ ಬಂದರು. ಅವರನ್ನು ಅಣ್ಣ ಅಂತಲೇ ಕರೆಯುವುದು. ಫ್ಲೋಟ್ (ಪೆಟ್ರೋಲಿನ ಮೇಲೆ ತೇಲುವ ಬುರುಡೆ) ಇರುವ ಬಟ್ಟಲಿನ ತಳದಲ್ಲಿ ಕಂದು ಬಣ್ಣದ ಗಟ್ಟಿ ಪದರ, ಬಾಣಲೆಗೆ ಹಿಡಿದ ಬೆಲ್ಲದ ಪಾಕದ ಹಾಗೆ. ಅವರು ಮೇನ್ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು ಬಿಚ್ಚಿ ಆಕಾಶಕ್ಕೆ ಹಿಡಿದು ನನ್ನ ಕೈಗೆ ಕೊಟ್ಟರು. "ನೋಡಿ ಅಕ್ಕ, ಬೆಳಕು ಬರ್ತದಾ?" ಬರಲಿಲ್ಲ. ಒಂದು ರಾತ್ರಿ ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿದರು. ಮರುದಿನ ಗಾಳದ ನೈಲಾನ್ ದಾರದ ತುಂಡನ್ನು ತೂತಿನಲ್ಲಿ ತೂರಿಸಿ ಎಳೆದರು. ಮಲ್ಪೆಯಲ್ಲಿ ಬೇಕಾದಷ್ಟು ಸಿಗುತ್ತದೆ ಅಂದರು. ತಂತಿ ಹಾಕಿದರೆ ಹಿತ್ತಾಳೆ ತೂತು ಕೆರೆದು ದೊಡ್ಡದಾಗುತ್ತದೆ, ಮತ್ತೆ ಆ ಕಾರು ಯಾವತ್ತೂ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಮತ್ತೆ ಆಕಾಶಕ್ಕೆ ಹಿಡಿದೆ. ಸೂಜಿಯ ಕಣ್ಣಿನಷ್ಟು ಬೆಳಕು, ಪೂರ್ತಿ ಉರುಟು. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಒಳಗೆ ಕುಲುಕುವ ಸದ್ದು ಬಂದರೆ ಅದು ತೂತಾಗಿದೆ, ಬದಲಿಸಬೇಕು.

ಸ್ಟಾರ್ಟ್ ಮಾಡುವ ದಿನ ಟ್ಯಾಂಕಿನ ತಂಟೆಗೆ ಹೋಗಬೇಡಿ. ಸ್ಪಾರ್ಕ್ ಪ್ಲಗ್ ತೆಗೆದು ಒಂದೊಂದು ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಕಳೆದು, ಎಂಜಿನನ್ನು ಕೈಯಿಂದ ತಿರುಗಿಸಿ. ಹಗುರವಾಗಿ ತಿರುಗಿದರೆ ಪ್ಲಗ್ ಹಾಕಿ. ಒಂದು ಸಣ್ಣ ಕ್ಯಾನಿನಲ್ಲಿ ಎರಡು ಲೀಟರ್ ಹೊಸ ಪೆಟ್ರೋಲ್ ಹಾಕಿ, ಅದರ ಪೈಪನ್ನು ನೇರ ಪಂಪಿಗೆ ಕೊಡಿ. ಕ್ಯಾನನ್ನು ಸೈಲೆನ್ಸರ್ ಪೈಪಿನಿಂದ, ಬ್ಯಾಟರಿಯಿಂದ ದೂರ ಕಟ್ಟಿ. ಹೀಗೆ ಮಾಡಿದರೆ ತೊಂದರೆ ಎಂಜಿನಿನಲ್ಲಿದೆಯೋ ಟ್ಯಾಂಕಿನಲ್ಲಿದೆಯೋ ಅಂತ ಗೊತ್ತಾಗುತ್ತದೆ.

ನಮ್ಮದು ನಾಲ್ಕನೇ ಸಲಕ್ಕೆ ಹಿಡಿಯಿತು. ಬಿಟ್ಟ ಆಯಿಲ್ ಸುಟ್ಟು ಹೊಗೆ ಅಂಗಳ ಪೂರ್ತಿ. ಅಮ್ಮ ಜಗಲಿಯಿಂದ ಇಳಿದು ಬಂದು ಬಾನೆಟ್ ಮೇಲೆ ಕೈ ಇಟ್ಟು ನಿಂತರು. ಎಂಜಿನ್ ಬಂದ್ ಮಾಡುವವರೆಗೂ ಕೈ ತೆಗೆಯಲಿಲ್ಲ.

ಟ್ಯಾಂಕ್ ಕೂರಿಸಿದ ಮೇಲೆ ಹತ್ತೇ ಲೀಟರ್ ಹಾಕಿದೆವು. ಪಂಪಿಗೆ ಮೊದಲು ಒಳಗೆ ಕಾಣುವಂಥ ಫಿಲ್ಟರ್ ಹಾಕಿಸಿ. ಎಷ್ಟು ತೊಳೆದರೂ ಹುಡಿ ಬರುತ್ತದೆ. ನಮ್ಮದು ಉಡುಪಿಗೆ ಎರಡು ಸಲ ಹೋಗಿ ಬರುವುದರೊಳಗೆ ಕೆಂಪಾಗಿತ್ತು. ಮೂರನೇ ಫಿಲ್ಟರ್ ಈಗಲೂ ಬೆಳ್ಳಗಿದೆ.

ಈಗ ಹದಿನೈದು ದಿನಕ್ಕೊಮ್ಮೆ ಕಾಪುವಿನವರೆಗೆ ಹೋಗಿ ಬರುತ್ತೇನೆ, ಎಂಜಿನ್ ಪೂರ್ತಿ ಬಿಸಿಯಾಗುವಷ್ಟು. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುವುದರಿಂದ ಪ್ರಯೋಜನ ಇಲ್ಲ. ಮಳೆಗಾಲದಲ್ಲಿ ಓಡಿಸುವುದಾದರೆ ಮೇ ಕೊನೆಗೆ ಕುತ್ತಿಗೆವರೆಗೆ ತುಂಬಿಸಿಡಿ, ಒಳಗೆ ಗಾಳಿಗೆ ಜಾಗ ಇಲ್ಲದಿದ್ದರೆ ನೀರೂ ಕಡಿಮೆ ಸೇರುತ್ತದೆ. ನಾಲ್ಕು ತಿಂಗಳು ಮುಟ್ಟುವುದೇ ಇಲ್ಲ ಅಂತಾದರೆ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಖಾಲಿ ಮಾಡುವುದು ಒಳ್ಳೆಯದು, ಟ್ಯಾಂಕ್ ಒಳಗೆ ಸ್ವಲ್ಪ ಎಣ್ಣೆ ಸವರಿ ಮುಚ್ಚಿ. ಪೆಟ್ರೋಲ್ ಕೆಡದಂತೆ ಹಾಕುವ ಸ್ಟೆಬಿಲೈಸರ್ ಹೊಸ ಪೆಟ್ರೋಲಿಗೆ ಹಾಕಿದರೆ ಮಾತ್ರ ಕೆಲಸ ಮಾಡುತ್ತದೆ. ಕೆಟ್ಟದ್ದನ್ನು ಅದು ಸರಿ ಮಾಡುವುದಿಲ್ಲ.

ಪ್ರತಿ ಸಲ ಪೆಟ್ರೋಲ್ ಹಾಕಿಸಿದ ತಾರೀಕನ್ನು ಹಟ್ಟಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಅಪ್ಪ ಹಾಲಿನ ಲೆಕ್ಕ ಬರೆಯುತ್ತಿದ್ದ ಅದೇ ಗೋಡೆ.