ಟಂಬಲ್ ಡ್ರೈಯರ್ ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ನಮ್ಮಲ್ಲಿ ‘ಡ್ರೈಯರ್’ ಅನ್ನುವ ಒಂದೇ ಮಾತಿಗೆ ಎರಡು ಅರ್ಥ. ಗೊಂದಲ ಅಲ್ಲಿಂದಲೇ ಶುರು. ಸೆಮಿ ಆಟೋಮ್ಯಾಟಿಕ್ ಮೆಷಿನ್ನಿನ ಪಕ್ಕದಲ್ಲಿರುವ ಸಣ್ಣ ತೊಟ್ಟಿಯನ್ನೂ ಡ್ರೈಯರ್ ಅನ್ನುತ್ತೇವೆ. ಅದು ಬಟ್ಟೆಯನ್ನು ಗರಗರನೆ ತಿರುಗಿಸಿ ನೀರು ಹಿಂಡುತ್ತದೆ, ಒಣಗಿಸುವುದಿಲ್ಲ. ಟಂಬಲ್ ಡ್ರೈಯರ್ ಬೇರೆಯೇ ಯಂತ್ರ. ಹಿಂಡಿದ ಬಟ್ಟೆಯನ್ನು ಬಿಸಿಗಾಳಿಯಲ್ಲಿ ಹೊರಳಾಡಿಸಿ, ಉಳಿದ ತೇವವನ್ನು ಆವಿ ಮಾಡಿ ಬೀರುವಿಗೆ ಇಡುವಷ್ಟು ಒಣಗಿಸಿ ಕೊಡುತ್ತದೆ. ಹಿಂಡುವುದಕ್ಕೆ ಕರೆಂಟು ತೀರ ಕಡಿಮೆ ಸಾಕು, ಆವಿ ಮಾಡುವುದಕ್ಕೆ ಬಹಳ ಬೇಕು. ಇದೊಂದು ಮನಸ್ಸಿನಲ್ಲಿದ್ದರೆ ಮನೆಗೆ ಯಾವುದು ಬೇಕು ಅನ್ನುವುದು ಅರ್ಧ ತೀರ್ಮಾನವಾದ ಹಾಗೆ.

ಒಣಗಿದಾಗ ಐದು ಕೆಜಿ ತೂಗುವ ಹತ್ತಿ ಬಟ್ಟೆ ಇದೆ ಅಂದುಕೊಳ್ಳಿ. ನಿಮಿಷಕ್ಕೆ 700 ಸುತ್ತು ತಿರುಗುವ ಟಾಪ್ ಲೋಡ್ ಮೆಷಿನ್ನಿನಿಂದ ತೆಗೆದಾಗ ಅದರಲ್ಲಿ ಇನ್ನೂ ಮೂರೂವರೆಯಿಂದ ನಾಲ್ಕು ಲೀಟರ್ ನೀರಿರುತ್ತದೆ. 1000 ಸುತ್ತಿನ ಫ್ರಂಟ್ ಲೋಡ್ ಆದರೆ ಸುಮಾರು ಮೂರು ಲೀಟರ್, 1400 ಆದರೆ ಎರಡೂವರೆ. ಆ ಒಂದೊಂದು ಲೀಟರನ್ನೂ ಆವಿ ಮಾಡಲು ಮಾಮೂಲಿ ಡ್ರೈಯರ್ ಹತ್ತಿರಹತ್ತಿರ ಒಂದು ಯೂನಿಟ್ ಕರೆಂಟು ತಿನ್ನುತ್ತದೆ. ಅದೇ ಬಟ್ಟೆಯನ್ನು ಹತ್ತು ನಿಮಿಷ ಮತ್ತೊಮ್ಮೆ ಸ್ಪಿನ್‌ಗೆ ಹಾಕಿದರೆ ಹತ್ತನೇ ಒಂದು ಯೂನಿಟ್ಟೂ ಬೇಡ, ಅಷ್ಟರಲ್ಲೇ ಒಂದಿಷ್ಟು ನೀರು ಇಳಿದುಹೋಗುತ್ತದೆ. ಹೀಗಾಗಿ ಹೊಸ ಯಂತ್ರದ ಮಾತು ಎತ್ತುವ ಮೊದಲು ಇರುವ ಮೆಷಿನ್ನಿನಲ್ಲಿ ಎರಡನೇ ಸ್ಪಿನ್ ಹಾಕಿ ನೋಡಿ. ಅನೇಕರ ಮೆಷಿನ್ನು 1200ಕ್ಕೆ ತಿರುಗಬಲ್ಲದು, ಆದರೆ ‘ಮಿಕ್ಸ್’ ಅಥವಾ ‘ಕ್ವಿಕ್’ ಪ್ರೋಗ್ರಾಮಿನಲ್ಲಿ ತಾನಾಗಿಯೇ 800ಕ್ಕೆ ಇಳಿದಿರುತ್ತದೆ. ಸ್ಪಿನ್ ಬಟನ್ ಒತ್ತಿ ಅದನ್ನು ಏರಿಸಬೇಕು. ಜೀನ್ಸು, ಟವೆಲ್ಲು, ಬೆಡ್‌ಶೀಟಿಗೆ ಗರಿಷ್ಠ ವೇಗ ಇರಲಿ. ತೆಳು ಸೀರೆ, ಸಿಂಥೆಟಿಕ್ ಬಟ್ಟೆಗೆ 800 ಸಾಕು, ಅದರ ಮೇಲೆ ಹೋದರೆ ಸುಕ್ಕು ಬಿಡುವುದಿಲ್ಲ.

ಇನ್ನು ಊರಿನ ಲೆಕ್ಕ. ವಿಜಯಪುರ, ರಾಯಚೂರು, ಕಲಬುರಗಿ ಕಡೆಯವರಿಗೆ ಈ ಯಂತ್ರದ ಗೊಡವೆಯೇ ಬೇಡ. ಬೆಂಗಳೂರು, ಮೈಸೂರಿನಲ್ಲಿ ಜಿಟಿಜಿಟಿ ಹಿಡಿದರೂ ಗಾಳಿ ಬೀಸುತ್ತಿರುತ್ತದೆ. ಬಾಲ್ಕನಿಯೋ ಯುಟಿಲಿಟಿಯೋ ಇದ್ದರೆ ಒಂದೂವರೆ ದಿನದಲ್ಲಿ ಒಣಗುತ್ತದೆ. ಕಷ್ಟ ನಿಜವಾಗಿ ಇರುವುದು ಕರಾವಳಿ, ಮಲೆನಾಡು, ಕೊಡಗಿನಲ್ಲಿ. ಅಲ್ಲಿಯೂ ವರ್ಷವಿಡೀ ಅಲ್ಲ, ಆರಿದ್ರಾ ಮಳೆಯಿಂದ ಆಶ್ಲೇಷ ಮುಗಿಯುವವರೆಗೆ, ಅಂದರೆ ಜೂನ್ 22ರ ಸುಮಾರಿನಿಂದ ಆಗಸ್ಟ್ ನಡುವಿನ ತನಕ, ಎಂಟು ವಾರ.

ಆ ಎಂಟು ವಾರ ನಾಲ್ಕು ಜನರ ಮನೆಯಲ್ಲಿ ದಿನ ಬಿಟ್ಟು ದಿನ ಐದು ಕೆಜಿ ಒಗೆದರೆ 28 ಸಲ. ಸಲಕ್ಕೆ ಮೂರೂವರೆ ಯೂನಿಟ್ ಹಿಡಿದರೂ ಒಟ್ಟು 98 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ 600 ರೂಪಾಯಿ ಆಸುಪಾಸು. ಇದು ಹೆಚ್ಚೇನಲ್ಲ. ಭಾರವಾಗುವುದು ಯಂತ್ರದ ಬೆಲೆ. 25,000 ರೂಪಾಯಿಯ ಡ್ರೈಯರ್ ಹತ್ತು ವರ್ಷ ಬಾಳಿದರೆ ವರ್ಷಕ್ಕೆ 2,500 ಆಯಿತು. ಕರೆಂಟಿನದೂ ಸೇರಿಸಿ 28ರಿಂದ ಭಾಗಿಸಿ: ಒಂದು ಸಲ ಬಟ್ಟೆ ಒಣಗಿಸಲು 110 ರೂಪಾಯಿ. ಗೃಹಜ್ಯೋತಿಯ ಮನೆಯವರು ಇನ್ನೊಂದನ್ನೂ ನೋಡಬೇಕು. ತಿಂಗಳಿಗೆ ಹೀಗೆ ಸುಮಾರು 50 ಯೂನಿಟ್ ಹೆಚ್ಚುತ್ತದೆ. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಈಗಾಗಲೇ 160ರ ಹತ್ತಿರ ಇರುವ ಮನೆಗೆ ಇದು ಸಣ್ಣ ಮಾತಲ್ಲ.

ಯಂತ್ರವಿಲ್ಲದೆ ಮನೆಯೊಳಗೆ ಒಣಗಿಸಲು ಬೇಕಾದದ್ದು ಬಿಸಿಗಿಂತ ಹೆಚ್ಚಾಗಿ ಗಾಳಿ. ಬಟ್ಟೆಯಿಂದೆದ್ದ ತೇವ ಬಟ್ಟೆಯ ಸುತ್ತಲೇ ನಿಂತರೆ ಮುಂದಿನ ತೇವ ಹೊರಬರುವುದಿಲ್ಲ. ಆದ್ದರಿಂದ ಎರಡು ಬಟ್ಟೆಗಳ ನಡುವೆ ನಾಲ್ಕು ಬೆರಳಲ್ಲ, ಒಂದು ಗೇಣಿನಷ್ಟು ಜಾಗ ಬಿಡಿ. ಫ್ಯಾನಿನ ಗಾಳಿ ಬಟ್ಟೆಯ ಮುಖಕ್ಕೆ ಹೊಡೆಯುವ ಬದಲು ಸಾಲುಗಳ ನಡುವೆ ಹಾದುಹೋಗುವಂತೆ ಟೇಬಲ್ ಫ್ಯಾನನ್ನು ಪಕ್ಕದಲ್ಲಿಡಿ. ಎದುರು ದಿಕ್ಕಿನ ಕಿಟಕಿ ಒಂದಿಷ್ಟು ತೆರೆದಿರಲಿ ಅಥವಾ ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ. ಆರು ಗಂಟೆ ಓಡಿದರೂ ಅರ್ಧ ಯೂನಿಟ್ ದಾಟುವುದಿಲ್ಲ. ಕಿಟಕಿ ಬಾಗಿಲು ಮುಚ್ಚಿ ಫ್ಯಾನ್ ಮಾತ್ರ ಹಾಕಿದರೆ ಅದೇ ತೇವದ ಗಾಳಿ ಕೋಣೆಯೊಳಗೇ ಸುತ್ತುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಹಳೇ ಮನೆಗಳಲ್ಲಿ ಮಡಿಬಟ್ಟೆಗೆ ಸೂರಿನ ಕೆಳಗೆ ಗಳ ಕಟ್ಟಿ ಕೋಲಿನಿಂದ ಹರವುತ್ತಿದ್ದರಲ್ಲ, ಅದು ಮುಟ್ಟಬಾರದೆಂದು ಮಾಡಿದ್ದಾದರೂ ಒಣಗುವುದಕ್ಕೂ ಅದೇ ಒಳ್ಳೆಯ ಜಾಗ. ಮನೆಯ ಬೆಚ್ಚನೆಯ ಗಾಳಿ ಮೇಲೆಯೇ ನಿಲ್ಲುತ್ತದೆ. ಈಗ ರಾಟೆ ಹಗ್ಗದಿಂದ ಮೇಲೆ ಕೆಳಗೆ ಆಡುವ ಹ್ಯಾಂಗರ್ ಸಿಗುತ್ತದೆ, ಅದನ್ನು ಹಾಕಿಸಿ.

ಹರವುವುದರಲ್ಲೂ ಕ್ರಮವಿದೆ. ಮೊದಲು ಒಂದೊಂದನ್ನೂ ಜೋರಾಗಿ ಕೊಡವಿ. ಪ್ಯಾಂಟನ್ನು ಒಳಮಗ್ಗುಲು ಹೊರಗೆ ಮಾಡಿ, ಜೇಬುಗಳನ್ನು ಎಳೆದು, ಸೊಂಟದ ಪಟ್ಟಿಯನ್ನು ಎರಡು ಕ್ಲಿಪ್ಪಿನಲ್ಲಿ ದುಂಡಗೆ ಬಾಯಿ ತೆರೆದಿರುವಂತೆ ನೇತುಹಾಕಿ. ಬೆಡ್‌ಶೀಟು, ಸೀರೆಗಳನ್ನು ಒಂದೇ ಹಗ್ಗದ ಮೇಲೆ ಮಡಿಸಿ ಹಾಕಿದರೆ ಒಳಪದರ ಹಸಿಯಾಗಿಯೇ ಉಳಿಯುತ್ತದೆ. ಎರಡು ಹಗ್ಗಗಳ ಮೇಲೆ ಅಡ್ಡಲಾಗಿ ಹಾಕಿ ನಡುವೆ ಗಾಳಿ ಆಡಲು ಬಿಡಿ. ಉದ್ದದ ಬಟ್ಟೆ ಹಗ್ಗದ ಎರಡು ತುದಿಗೆ, ಗಿಡ್ಡದ್ದು ನಡುವೆ ಇದ್ದರೆ ಕೆಳಗಿನಿಂದ ಗಾಳಿ ಚೆನ್ನಾಗಿ ಏಳುತ್ತದೆ. ಒಣಗಿದೆಯೋ ಇಲ್ಲವೋ ಅಂತ ನೋಡಲು ಅಂಗೈ ನಂಬಬೇಡಿ. ಹೊಲಿಗೆ, ಕಾಲರ್, ಜೇಬಿನ ಚೀಲವನ್ನು ಕೆನ್ನೆಗೆ ತಾಗಿಸಿ. ತಣ್ಣಗೆನಿಸಿದರೆ ಇನ್ನೂ ತೇವವಿದೆ. ಅಂಥದ್ದನ್ನು ಬೀರುವಿಗೆ ಸೇರಿಸಿದರೆ ಉಳಿದ ಬಟ್ಟೆಗೂ ಮುಗ್ಗಲು ವಾಸನೆ ಹತ್ತುತ್ತದೆ.

ಆ ಮುಗ್ಗಲು ವಾಸನೆಗೆ ಕಾರಣ ಮಳೆಯಲ್ಲ, ಬಟ್ಟೆಯಲ್ಲೇ ಉಳಿದ ಬೆವರು, ಸೋಪಿನ ಜಿಡ್ಡು ತಿಂದು ಬೆಳೆಯುವ ಸೂಕ್ಷ್ಮಾಣುಗಳು. ಬಟ್ಟೆ ಹೆಚ್ಚು ಹೊತ್ತು ಹಸಿಯಾಗಿದ್ದಷ್ಟೂ ಅವು ಹೆಚ್ಚುತ್ತವೆ. ಮಳೆಗಾಲದಲ್ಲಿ ಪುಡಿ ಹೆಚ್ಚು ಹಾಕುವವರು ವಾಸನೆಯನ್ನು ಹೆಚ್ಚಿಸಿಕೊಳ್ಳುತ್ತಾರೆ. ಪುಡಿ ಕಡಿಮೆ ಮಾಡಿ, ಜಾಲಿಸುವುದನ್ನು ಒಂದು ಸಲ ಹೆಚ್ಚಿಸಿ, ಮೆಷಿನ್ ನಿಂತ ಕೂಡಲೇ ಬಟ್ಟೆ ತೆಗೆಯಿರಿ. ವಾಸನೆ ಹಿಡಿದ ಹತ್ತಿ ಟವೆಲ್ಲು, ಬನಿಯನ್ನನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ಬಿಳಿಯದಾದರೆ ಒಂದು ಬಕೆಟ್ ನೀರಿಗೆ ಎರಡು ದೊಡ್ಡ ಚಮಚ ಒಗೆಯುವ ಸೋಡ ಹಾಕಿ ಅರ್ಧ ಗಂಟೆ ನೆನೆಸಿ. ರೇಷ್ಮೆ, ಉಣ್ಣೆಗೆ ಇದು ಬೇಡವೇ ಬೇಡ.

ಬಚ್ಚಲ ಒಲೆಯ ಮೇಲೆ ನ್ಯಾಲೆ ಕಟ್ಟಿ ಒಣಗಿಸುವವರು ಈಗಲೂ ಇದ್ದಾರೆ. ಬಟ್ಟೆ ಉರಿಗೆ ಎಟುಕದಷ್ಟು ಎತ್ತರದಲ್ಲಿರಲಿ, ಹೊಗೆ ಹೋಗಲು ದಾರಿ ಇರಲಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಟ್ಟೆ ಒಣಗಿಸುವುದನ್ನು ಮಾತ್ರ ಯಾರೂ ಮಾಡಕೂಡದು. ವಾಸನೆಯೇ ಇಲ್ಲದ ವಿಷಗಾಳಿ ಮಲಗಿದವರ ಪ್ರಾಣ ತೆಗೆಯುತ್ತದೆ.

ಫ್ಯಾನಿಗೂ ಬಗ್ಗದ ಕರಾವಳಿಯ ತೇವಕ್ಕೆ ಡ್ರೈಯರ್‌ಗಿಂತ ಮೊದಲು ಡಿಹ್ಯೂಮಿಡಿಫೈಯರ್ ನೋಡಿ. ಗಾಳಿಯಲ್ಲಿರುವ ನೀರನ್ನು ಹೀರಿ ತೊಟ್ಟಿಗೆ ಇಳಿಸುವ ಯಂತ್ರ ಇದು. ಇದನ್ನು ಹಾಕಿದಾಗ ಮಾತ್ರ ಕಿಟಕಿ ಪೂರ್ತಿ ಮುಚ್ಚಬೇಕು, ಇಲ್ಲದಿದ್ದರೆ ಅದು ಹೊರಗಿನ ಮಳೆಯನ್ನೇ ಒಣಗಿಸುತ್ತಾ ಕೂರುತ್ತದೆ. ಜೊತೆಗೊಂದು ಫ್ಯಾನ್ ಇಟ್ಟರೆ ರಾತ್ರಿ ಹಾಕಿದ ಬಟ್ಟೆ ಬೆಳಗಾಗುವಷ್ಟರಲ್ಲಿ ಒಣಗುತ್ತದೆ. ಹಾಸಿಗೆ, ಪುಸ್ತಕ, ಚಪ್ಪಲಿ, ಬೀರು ಎಲ್ಲವೂ ಬೂಷ್ಟಿನಿಂದ ಉಳಿಯುತ್ತವೆ. ಡ್ರೈಯರ್ ಬಟ್ಟೆಯನ್ನಷ್ಟೇ ಒಣಗಿಸುತ್ತದೆ.

ಹಾಗಾದರೆ ಡ್ರೈಯರ್ ಯಾರಿಗೆ? ಹಾಸಿಗೆ ಹಿಡಿದ ಹಿರಿಯರಿದ್ದು ದಿನಕ್ಕೆರಡು ಸಲ ಹಾಸು ಬದಲಿಸುವ ಮನೆಗೆ, ಬಟ್ಟೆಯ ಲಂಗೋಟಿ ಬಳಸುವ ಎಳೆಗೂಸಿನ ಮನೆಗೆ, ಬಾಲ್ಕನಿಯೇ ಇಲ್ಲದ ಫ್ಲ್ಯಾಟಿಗೆ, ಕೊಡಗು, ಚಿಕ್ಕಮಗಳೂರಿನಲ್ಲಿ ಹೋಮ್‌ಸ್ಟೇ ನಡೆಸಿ ದಿನಾ ಹತ್ತು ಬೆಡ್‌ಶೀಟ್ ಒಗೆಯುವವರಿಗೆ. ಇವರು ಹಿಂಜರಿಯಬೇಕಿಲ್ಲ. ವರ್ಷವಿಡೀ ಹೆಚ್ಚುಕಡಿಮೆ ದಿನವೂ ಓಡುವುದಾದರೆ ಹೀಟ್ ಪಂಪಿನದು, ಅಂದರೆ ಗಾಳಿಯ ಕಾವನ್ನು ಹೊರಗೆ ಬಿಡದೆ ಮತ್ತೆ ಮತ್ತೆ ಬಳಸುವ ಮಾದರಿ, ಲೇಸು. ಬೆಲೆ ಎರಡು ಪಟ್ಟಿಗಿಂತ ಹೆಚ್ಚಾದರೂ ಕರೆಂಟು ಅರ್ಧ ಸಾಕು, ಬಿಸಿಯೂ ಹಿತ, ಬಟ್ಟೆ ಬೇಗ ಸವೆಯುವುದಿಲ್ಲ. ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. ಅಗ್ಗದ್ದು ಗಾಳಿಯನ್ನು ಹೊರಗೆ ಊದುವ ಮಾದರಿ. ಅದಕ್ಕೆ ನಾಲ್ಕಂಗುಲದ ಕೊಳವೆಯನ್ನು ಆದಷ್ಟು ಕಡಿಮೆ ತಿರುವಿನಲ್ಲಿ ಗೋಡೆಯ ಆಚೆ ಒಯ್ಯಲೇಬೇಕು. ಕೊಳವೆ ಲೋಹದ್ದಾಗಿರಲಿ, ಪ್ಲಾಸ್ಟಿಕ್ಕಿನದು ಬೇಡ. ಕೊಳವೆ ಹಾಕದೆ ಕೋಣೆಯೊಳಗೇ ಬಿಟ್ಟರೆ ಆ ಮೂರು ಲೀಟರ್ ನೀರೂ ನಿಮ್ಮ ಗೋಡೆಗೆ ಸೇರುತ್ತದೆ. ಒಗೆದು ಒಣಗಿಸುವ ಎರಡೂ ಒಂದರಲ್ಲೇ ಇರುವ ಮೆಷಿನ್ 8 ಕೆಜಿ ಒಗೆದರೆ ಒಣಗಿಸುವುದು 5 ಕೆಜಿ ಮಾತ್ರ. ಎಂಟನ್ನೂ ಬಿಟ್ಟರೆ ಸುಕ್ಕುಗಟ್ಟಿದ ಹಸಿ ಮುದ್ದೆ ಕೈಗೆ ಬರುತ್ತದೆ. ಎರಡು ಯಂತ್ರ ಇಡಲು ಜಾಗವೇ ಇಲ್ಲದವರಿಗೆ ಮಾತ್ರ ಅದು ಸರಿ.

ಯಾವುದೇ ಆದರೂ 16 ಆಂಪಿಯರ್ ಪ್ಲಗ್, ಸರಿಯಾದ ಅರ್ಥಿಂಗ್ ಬೇಕು. ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಬೇಡಿ, ವೈರು ಕಾದು ಕರಗುತ್ತದೆ. ಬಾಗಿಲ ಬಳಿಯ ನೂಲುದೂಳಿನ ಜಾಲರಿಯನ್ನು ಪ್ರತಿ ಸಲವೂ ತೆಗೆದು ಬಿಡಿಸಿ. ಅದು ಕಟ್ಟಿದರೆ ಮೊದಲು ಬಟ್ಟೆ ಒಣಗುವುದು ತಡವಾಗುತ್ತದೆ, ಆಮೇಲೆ ಬೆಂಕಿಯ ಭಯ. ಎಣ್ಣೆಸ್ನಾನದ ಟವೆಲ್ಲು, ದೀಪದ ಎಣ್ಣೆ ಒರೆಸಿದ ಬಟ್ಟೆ, ಅಡುಗೆಮನೆಯ ಜಿಡ್ಡಿನ ಮಸಿಬಟ್ಟೆಯನ್ನು ಒಗೆದಿದ್ದರೂ ಡ್ರೈಯರಿಗೆ ಹಾಕಬೇಡಿ. ಒಗೆದರೂ ಉಳಿದ ಎಣ್ಣೆ ಬಿಸಿಯಾಗಿ ಮುದ್ದೆಯೊಳಗೆ ತಾನಾಗಿಯೇ ಕಾವೇರುತ್ತಾ ಹೋಗಿ, ಯಂತ್ರ ನಿಂತ ಮೇಲೂ ಹೊತ್ತಿಕೊಳ್ಳಬಹುದು. ಕೊನೆಯ ಹತ್ತು ನಿಮಿಷ ತಣ್ಣನೆಯ ಗಾಳಿ ಓಡುವುದು ಇದಕ್ಕಾಗಿಯೇ, ಅವಸರಕ್ಕೆ ನಡುವೆ ನಿಲ್ಲಿಸಬೇಡಿ. ರೇಷ್ಮೆ, ಜರಿ, ಉಣ್ಣೆ, ಗಂಜಿ ಹಾಕಿದ ಸೀರೆ, ರಬ್ಬರ್ ತಳದ ಕಾಲೊರಸು ಇವೂ ಹೊರಗೇ ಇರಲಿ. ಹೊಸ ಹತ್ತಿ ಜುಬ್ಬಾ, ಚೂಡಿದಾರ್ ಮೊದಲ ಸಲವೇ ಕುಗ್ಗುತ್ತದೆ, ಅದನ್ನು ಮುಕ್ಕಾಲು ಒಣಗಿಸಿ ತೆಗೆದು ಹ್ಯಾಂಗರಿಗೆ ಹಾಕಿ.